ಇಲಿಗಳ ಬದಲು ರಾಗಿ: ಬಿ.ಫಾರ್ಮ ವಿದ್ಯಾರ್ಥಿನಿಯ ಸ್ವತಂತ್ರ ಪ್ರಯೋಗದ ಬಗ್ಗೆ

ಪ್ರಶ್ನೆ: ಮಂಡ್ಯ ಜಿಲ್ಲೆಯ ಕಾಲೇಜೊಂದರಲ್ಲಿ ಬಿ.ಫಾರ್ಮ ಆರನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ಎಂಟನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ನಮ್ಮಲ್ಲಿ ಹಿಂದಿನವರ ವರದಿ ಮುಂದಿಟ್ಟುಕೊಂಡು ಗುಂಪಾಗಿ ಮುಗಿಸುವವರೇ ಹೆಚ್ಚು. ನನಗೆ ಸ್ವಂತವಾಗಿ ಒಂದು ಪ್ರಯೋಗ ಮಾಡಬೇಕೆಂಬ ಆಸೆ. ನಮ್ಮ ಹೊಲದ ಬೇಲಿಯಲ್ಲಿ ಮಧುನಾಶಿನಿ ಬಳ್ಳಿ ಇದೆ. ಅದರ ಎಲೆಯಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತಯಾರಿಸಿ ಇಲಿಗಳ ಮೇಲೆ ಪರೀಕ್ಷಿಸೋಣ ಎಂದುಕೊಂಡಿದ್ದೇನೆ. ಕಾಲೇಜಿನಲ್ಲಿ ಮಾತ್ರೆ ಒತ್ತುವ ಯಂತ್ರ, ಮಾತ್ರೆಯಿಂದ ಔಷಧ ಕರಗುವ ವೇಗ ನೋಡುವ ಡಿಸಲ್ಯೂಷನ್ ಯಂತ್ರ ಮತ್ತು ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಯುವಿ ಸ್ಪೆಕ್ಟ್ರೋಫೋಟೋಮೀಟರ್ ಇವೆ, ಮಿಶ್ರಣದ ವಸ್ತುಗಳನ್ನು ಬಿಡಿಸಿ ಅಳೆಯುವ ಎಚ್‌ಪಿಎಲ್‌ಸಿ ಇಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಆಸೆ ಒಳ್ಳೆಯದು, ಕೇಳಿರುವ ಸಮಯವೂ ಸರಿಯಾಗಿದೆ. ಎಂಟನೆಯ ಸೆಮಿಸ್ಟರ್ ಬಂದ ಮೇಲೆ ವಿಷಯ ಹುಡುಕಲು ಹೊರಟವರಿಗೆ ಹಳೆಯ ವರದಿಯ ಹೊರತು ಬೇರೆ ದಾರಿ ಉಳಿಯುವುದಿಲ್ಲ. ಆದರೆ ನೀವು ಆರಿಸಿಕೊಂಡಿರುವ ವಿಷಯವನ್ನು ಕೈಬಿಡಿ ಎಂದು ಮೊದಲಿಗೇ ಹೇಳುತ್ತೇನೆ. ಆ ವಿಷಯ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ನಿಮ್ಮ ಕೈಯಲ್ಲಿರುವ ಯಂತ್ರಗಳಿಂದ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಅಷ್ಟೆ.

ಮಧುನಾಶಿನಿಯ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ಒಂದೇ ವಸ್ತುವಲ್ಲ. ಒಂದಕ್ಕೊಂದು ಹೋಲುವ, ನೊರೆ ಬರಿಸುವ ಹಲವು ಸಪೋನಿನ್‌ಗಳ ಗುಂಪು ಅದು. ಒಂದು ಮಾತ್ರೆಯಲ್ಲಿ ಅದು ಎಷ್ಟಿದೆ ಎಂದು ನಂಬಿಕೆಯಿಂದ ಹೇಳಬೇಕಾದರೆ ಸಾಮಾನ್ಯವಾಗಿ ಅದನ್ನು ಜಲವಿಭಜನೆ ಮಾಡಿ, ಬರುವ ಜಿಮ್ನೆಮಾಜೆನಿನ್ ಅನ್ನು ಎಚ್‌ಪಿಎಲ್‌ಸಿಯಲ್ಲಿ ಅಳೆಯುತ್ತಾರೆ. ಎಲೆಯ ಕಷಾಯವನ್ನು ಹಾಗೆಯೇ ಯುವಿಯಲ್ಲಿಟ್ಟರೆ ನೂರಾರು ವಸ್ತುಗಳು ಒಟ್ಟಿಗೆ ಬೆಳಕನ್ನು ಹೀರುತ್ತವೆ. ಬರುವ ರೀಡಿಂಗ್ ಯಾವುದಕ್ಕೆ ಸೇರಿದ್ದೆಂದು ಯಾರೂ ಹೇಳಲಾರರು. ಇನ್ನು ಇಲಿಗಳ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ರಚನೆಯಾದ ಕೇಂದ್ರ ಸಮಿತಿಯಲ್ಲಿ ನೋಂದಣಿಯಾದ ಪ್ರಾಣಿಗೃಹ ಇರಬೇಕು, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಪ್ರಯೋಗ ಆರಂಭವಾಗುವ ಮುನ್ನವೇ ಒಪ್ಪಿಗೆ ಕೊಟ್ಟಿರಬೇಕು, ಪಳಗಿದ ಕೈಯ ಮೇಲ್ವಿಚಾರಣೆ ಇರಬೇಕು. ಇವೆಲ್ಲ ಕೂಡಿಬರುವ ಹೊತ್ತಿಗೆ ನಿಮ್ಮ ಸೆಮಿಸ್ಟರ್ ಮುಗಿದಿರುತ್ತದೆ. ಎಷ್ಟಿದೆಯೆಂದು ಅಳೆಯಲಾಗದ ವಸ್ತುವನ್ನು ಜೀವಂತ ಪ್ರಾಣಿಗೆ ಕೊಡುವುದು ಅಳತೆಯ ದೃಷ್ಟಿಯಿಂದಲೂ ದಯೆಯ ದೃಷ್ಟಿಯಿಂದಲೂ ಸರಿಯಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬೇಲಿಯ ಬಳ್ಳಿಯನ್ನು ಬಿಟ್ಟು ಹೊಲದೊಳಗೆ ಬನ್ನಿ. ರಾಗಿಯ ಪಿಷ್ಟ, ಮಾತ್ರೆಯನ್ನು ನೀರಿನಲ್ಲಿ ಒಡೆಯಿಸುವ ಕೆಲಸದಲ್ಲಿ, ಈಗ ಬಳಕೆಯಲ್ಲಿರುವ ಮೆಕ್ಕೆಜೋಳದ ಪಿಷ್ಟಕ್ಕೆ ಸಾಟಿಯಾಗುತ್ತದೆಯೇ? ಈ ಒಂದೇ ಪ್ರಶ್ನೆಯನ್ನು ನಿಮ್ಮ ಪ್ರಾಜೆಕ್ಟಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ರಾಗಿ ಪಿಷ್ಟವನ್ನು ಮಾತ್ರೆಗೆ ಬಳಸಿ ನೋಡಿದವರು ಹಿಂದೆಯೂ ಇದ್ದಾರೆ, ಆದ್ದರಿಂದ ಜಗತ್ತಿನಲ್ಲೇ ಮೊದಲು ಎಂದು ಸಿನಾಪ್ಸಿಸ್‌ನಲ್ಲಿ ಬರೆಯಬೇಡಿ. ಆದರೆ ಯಾವ ತಳಿಯ ರಾಗಿ, ಯಾವ ಊರಿನದು, ಮಾತ್ರೆಯ ಗಡಸುತನ ಎರಡೂ ಕಡೆ ಒಂದೇ ಇತ್ತೇ ಎಂಬ ವಿವರಗಳನ್ನು ಗಟ್ಟಿಯಾಗಿ ಹಿಡಿದು ಮಾಡಿದ ಹೋಲಿಕೆಗೆ ಬೆಲೆ ಇದ್ದೇ ಇದೆ. ಪ್ಯಾರಾಸಿಟಮಾಲನ್ನು ಔಷಧವಾಗಿ ಇಟ್ಟುಕೊಳ್ಳಿ. ಅದು ಸುಲಭವಾಗಿ ಸಿಗುತ್ತದೆ, ಅದನ್ನು ಅಳೆಯುವ ವಿಧಾನ ಔಷಧಗಳ ಅಧಿಕೃತ ಮಾನದಂಡ ಗ್ರಂಥವಾದ ಫಾರ್ಮಕೋಪಿಯಾದಲ್ಲೇ ಇದೆ, ಯುವಿ ಒಂದೇ ಸಾಕು.

ತಳಿಯ ವಿಷಯದಲ್ಲಿ ನಿಮ್ಮ ಜಿಲ್ಲೆಗೇ ಒಂದು ಅನುಕೂಲವಿದೆ. ರಾಗಿ ಲಕ್ಷ್ಮಣಯ್ಯ ಎಂದೇ ನಾಡಿಗೆ ಪರಿಚಿತರಾದ ವಿಜ್ಞಾನಿ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ. ಅದೇ ಕೇಂದ್ರದಿಂದ ಬಂದ ಕೆಎಂಆರ್-340 ಎಂಬ ತಳಿಯ ಕಾಳು ಬಿಳಿ. ನಿಮ್ಮ ಕೆಲಸಕ್ಕೆ ಬಿಳಿ ರಾಗಿಯೇ ಬೇಕು. ಕೆಂಪು ರಾಗಿಯ ಸಿಪ್ಪೆಯಲ್ಲಿ ಬಣ್ಣ ಕೊಡುವ ಪಾಲಿಫಿನಾಲ್‌ಗಳು ಹೆಚ್ಚು. ಎಷ್ಟು ತೊಳೆದರೂ ಪಿಷ್ಟಕ್ಕೆ ಬಣ್ಣ ಉಳಿಯಬಹುದು, ಮತ್ತು ಮುಂದೆ ಹೇಳುವಂತೆ ಆ ಬಣ್ಣ ನಿಮ್ಮ ಅಳತೆಯನ್ನೇ ಕೆಡಿಸಬಹುದು.

ಪಿಷ್ಟ ತೆಗೆಯುವುದು ನಮ್ಮ ಮನೆಗಳಲ್ಲಿ ರಾಗಿ ಹಾಲು ಹಿಂಡುವ ಕೆಲಸಕ್ಕಿಂತ ಬಹಳ ಬೇರೆಯದಲ್ಲ. ಕಾಳನ್ನು ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ, ಹಾಲನ್ನು ತಳಕ್ಕೆ ಕೂರಲು ಬಿಟ್ಟು, ಮೇಲಿನ ನೀರನ್ನು ಬಸಿದು ಮತ್ತೆ ಮತ್ತೆ ತೊಳೆಯಬೇಕು. ಪ್ರಯೋಗಾಲಯದಲ್ಲಿ ವ್ಯತ್ಯಾಸವಾಗುವುದು ಎರಡು ಕಡೆ. ನೆನೆಸುವ ನೀರು ಹುಳಿ ಬರಕೂಡದು, ಅದಕ್ಕಾಗಿ ಅತಿ ಸ್ವಲ್ಪ ಸೋಡಿಯಂ ಮೆಟಾಬೈಸಲ್ಫೈಟ್ ಸೇರಿಸುತ್ತಾರೆ. ಒಣಗಿಸುವಾಗ ಟ್ರೇ ಡ್ರೈಯರಿನ ಬಿಸಿ 45 ಡಿಗ್ರಿಯ ಆಸುಪಾಸು ಇರಲಿ. ಹಸಿ ಪಿಷ್ಟಕ್ಕೆ 60 ಡಿಗ್ರಿ ದಾಟಿದ ಬಿಸಿ ತಗುಲಿದರೆ ಕಣಗಳು ಗಂಜಿಯಾಗತೊಡಗುತ್ತವೆ, ಆಗ ನಿಮ್ಮ ಕೈಯಲ್ಲಿರುವುದು ಬೇರೆಯೇ ವಸ್ತು. ಒಣಗಿದ ಮೇಲೂ ಪಿಷ್ಟ ಗಾಳಿಯಿಂದ ನೀರು ಹೀರಿಕೊಂಡು ನೂರಕ್ಕೆ ಹತ್ತಕ್ಕೂ ಮೇಲ್ಪಟ್ಟು ತೇವಾಂಶ ಇಟ್ಟುಕೊಳ್ಳುತ್ತದೆ, ಆದ್ದರಿಂದ ರಾಗಿ ಪಿಷ್ಟ ಮತ್ತು ಮೆಕ್ಕೆಜೋಳದ ಪಿಷ್ಟ ಎರಡರ ತೇವಾಂಶವನ್ನೂ ತೂಗುವ ದಿನವೇ ಅಳೆದು ಬರೆದಿಡಿ.

ಇನ್ನು ಪ್ರಯೋಗದ ವಿನ್ಯಾಸ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಾನು ನೋಡಿದ ಹೆಚ್ಚಿನ ವಿದ್ಯಾರ್ಥಿ ಪ್ರಾಜೆಕ್ಟುಗಳು ಸೋತದ್ದು ಯಂತ್ರವಿಲ್ಲದೆ ಅಲ್ಲ, ಇದನ್ನು ಮೊದಲು ಕಾಗದದ ಮೇಲೆ ಮಾಡದೆ.

600 ಮಿಲಿಗ್ರಾಂ ತೂಕದ ಮಾತ್ರೆ ಇಟ್ಟುಕೊಳ್ಳೋಣ, ಅದರಲ್ಲಿ 500 ಮಿಲಿಗ್ರಾಂ ಪ್ಯಾರಾಸಿಟಮಾಲ್. ಪಿಷ್ಟವನ್ನು ಶೇಕಡಾ 5 ಮತ್ತು ಶೇಕಡಾ 10, ಎಂದರೆ ಮಾತ್ರೆಗೆ 30 ಮತ್ತು 60 ಮಿಲಿಗ್ರಾಂ, ಈ ಎರಡು ಪ್ರಮಾಣಗಳಲ್ಲಿ ಹಾಕಿ. ಕಡಿಮೆ ಬೀಳುವ ತೂಕವನ್ನು ಲ್ಯಾಕ್ಟೋಸಿನಿಂದ ತುಂಬಿ. ರಾಗಿಗೆ ಎರಡು ಪ್ರಮಾಣ, ಮೆಕ್ಕೆಜೋಳಕ್ಕೆ ಎರಡು, ಪಿಷ್ಟವೇ ಇಲ್ಲದ್ದು ಒಂದು, ಹೀಗೆ ಐದು ಬಗೆ. ಪಿಷ್ಟವಿಲ್ಲದ ಬಗೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಒಡೆದದ್ದು ಪಿಷ್ಟದಿಂದಲೋ ತಾನಾಗಿಯೋ ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಪ್ರತಿ ಬಗೆಯನ್ನೂ ಮೂರು ಬಾರಿ, ಪ್ರತಿ ಸಲವೂ ತೂಗುವುದರಿಂದ ಹಿಡಿದು ಹೊಸದಾಗಿ ತಯಾರಿಸಬೇಕು. ಒಟ್ಟು 15 ಬ್ಯಾಚ್, ಬ್ಯಾಚಿಗೆ 200 ಮಾತ್ರೆ. ಲೆಕ್ಕ ಹಾಕಿದರೆ ಪ್ಯಾರಾಸಿಟಮಾಲ್ ಒಂದೂವರೆ ಕಿಲೋ, ಪೂರ್ವಸಿದ್ಧತೆಯ ಪ್ರಯೋಗಗಳೂ ಸೇರಿದರೆ ಎರಡು ಕಿಲೋ. ರಾಗಿ ಪಿಷ್ಟ ಬ್ಯಾಚುಗಳಿಗೆ 54 ಗ್ರಾಂ, ಅದರದೇ ಪರೀಕ್ಷೆಗಳಿಗೂ ಸೇರಿ 200 ಗ್ರಾಂ ಸಾಕು. ಇಷ್ಟು ಕಚ್ಚಾ ವಸ್ತುವನ್ನು ಕಾಲೇಜಿನ ಪತ್ರದ ಮೂಲಕ ತಯಾರಕರಿಂದ ಕೇಳಿ ಪಡೆಯುವುದು ಸಾಧ್ಯವಿದೆ. ಅದರೊಂದಿಗೆ ವಿಶ್ಲೇಷಣಾ ಪ್ರಮಾಣಪತ್ರವನ್ನೂ ತಪ್ಪದೆ ಕೇಳಿ.

ಮೂರು ಬ್ಯಾಚ್ ಏಕೆ ಎಂದು ನಿಮ್ಮ ಗೆಳತಿಯರು ಕೇಳುತ್ತಾರೆ, ಏಕೆಂದರೆ ಒಂದು ಬ್ಯಾಚಿನ ಆರು ಮಾತ್ರೆಗಳನ್ನು ಡಿಸಲ್ಯೂಷನ್‌ಗೆ ಹಾಕಿ ಆರು ಅಂಕಿ ಬಂದವೆಂದು ತೃಪ್ತಿಪಡುವುದು ರೂಢಿ. ಒಂದೇ ಮಿಶ್ರಣದಿಂದ ಬಂದ ಆರು ಮಾತ್ರೆಗಳು ಆ ಮಿಶ್ರಣದ ಬಗ್ಗೆ ಮಾತ್ರ ಹೇಳುತ್ತವೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದೇ ಪಾತ್ರೆಯಿಂದ ಆರು ಅಗುಳು ಹಿಸುಕಿದರೆ ಆ ಪಾತ್ರೆಯ ಅನ್ನದ ಸಂಗತಿ ತಿಳಿಯುತ್ತದೆ. ಆ ಅಕ್ಕಿಯ ಗುಣ ತಿಳಿಯಬೇಕಾದರೆ ಬೇರೆ ಬೇರೆ ದಿನ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಬೇಕು. ಆರು ಮಾತ್ರೆಗಳ ಸರಾಸರಿ ಒಂದು ಅಂಕಿ. ಅಂಥ ಮೂರು ಅಂಕಿಗಳು ನಿಮ್ಮ ನಿಜವಾದ ದತ್ತಾಂಶ. ಸಂಖ್ಯೆ 3, 18 ಅಲ್ಲ. ಮೂರರಿಂದ ದೊಡ್ಡ ವ್ಯತ್ಯಾಸಗಳು ಮಾತ್ರ ಕಾಣುತ್ತವೆ ಎಂಬುದನ್ನು ವರದಿಯಲ್ಲಿ ನೀವೇ ಬರೆಯಿರಿ. ಪಿಸಿಐ (ಭಾರತೀಯ ಫಾರ್ಮಸಿ ಮಂಡಳಿ) ಪಠ್ಯಕ್ರಮದಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಮತ್ತು ಸಂಶೋಧನಾ ವಿಧಾನದ ಪಾಠ ಇರುವುದೂ ಎಂಟನೆಯ ಸೆಮಿಸ್ಟರಿನಲ್ಲೇ, ಪ್ರಾಜೆಕ್ಟಿನ ಜೊತೆಗೇ. ನಿಮಗೆ ಆ ಪಾಠ ಪ್ರಯೋಗಕ್ಕಿಂತ ಮೊದಲು ಬೇಕು. ಹಾಗಾಗಿ ಅನೋವಾ (ಹಲವು ಗುಂಪುಗಳ ಸರಾಸರಿಗಳನ್ನು ಹೋಲಿಸುವ ವಿಧಾನ) ತನಕದ ಅಧ್ಯಾಯಗಳನ್ನು ಈ ರಜೆಯಲ್ಲೇ ಓದಿಕೊಳ್ಳಿ.

ಬ್ಯಾಚುಗಳ ಸರದಿಯ ಬಗ್ಗೆ ನನ್ನದೇ ಅನುಭವವೊಂದನ್ನು ಹೇಳಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ, ಪುಡಿಯನ್ನು ಅಂಟಿಸಿ ಹಿಡಿಯುವ ಎರಡು ಬೈಂಡರ್‌ಗಳನ್ನು ಹೋಲಿಸುವ ಕೆಲಸ ಕೈಗೆತ್ತಿಕೊಂಡಿದ್ದೆ. ಮೊದಲನೆಯದರ ಬ್ಯಾಚುಗಳನ್ನೆಲ್ಲ ಮೇ ತಿಂಗಳಲ್ಲಿ ಮುಗಿಸಿ, ಎರಡನೆಯದರವನ್ನು ಜುಲೈನಲ್ಲಿ ಮಾಡಿದೆ. ವ್ಯತ್ಯಾಸ ಸ್ಪಷ್ಟವಾಗಿ ಬಂತು, ಬಹಳ ಸಂತೋಷಪಟ್ಟೆ. ನನ್ನ ಗುರುಗಳು ನೋಟ್‌ಬುಕ್ಕಿನ ತಾರೀಖುಗಳನ್ನು ನೋಡಿ, ಒಂದು ಮಾತೂ ಆಡದೆ, ಎರಡನ್ನೂ ದಿನ ಬಿಟ್ಟು ದಿನ ಮಾಡಿಕೊಂಡು ಬಾ ಎಂದರು. ಹಾಗೆ ಮಾಡಿದಾಗ ವ್ಯತ್ಯಾಸವೇ ಉಳಿಯಲಿಲ್ಲ. ನಾನು ಅಳೆದದ್ದು ಬೈಂಡರನ್ನಲ್ಲ, ಮೈಸೂರಿನ ಮಳೆಗಾಲದ ತೇವವನ್ನು. ಎರಡು ತಿಂಗಳ ಕೆಲಸ ಹೋಯಿತು, ಆದರೆ ಅಂದಿನಿಂದ ಯಾವ ಪ್ರಯೋಗವನ್ನೂ ಗುಂಪು ಗುಂಪಾಗಿ ಮಾಡಿದ್ದಿಲ್ಲ. ನೀವು 15 ಚೀಟಿ ಬರೆದು, ಎತ್ತಿದ ಸರದಿಯಲ್ಲೇ ಬ್ಯಾಚುಗಳನ್ನು ತಯಾರಿಸಿ, ಆ ದಿನದ ಉಷ್ಣತೆ ಮತ್ತು ಆರ್ದ್ರತೆಯನ್ನು ಪುಟದ ಮೇಲ್ಗಡೆ ಬರೆಯಿರಿ.

ಪ್ಯಾರಾಸಿಟಮಾಲ್ ಪುಡಿಯನ್ನು ನೇರವಾಗಿ ಒತ್ತಿದರೆ ಮಾತ್ರೆಯ ಮೇಲ್ಪದರ ಟೋಪಿಯಂತೆ ಕಳಚಿಕೊಳ್ಳುತ್ತದೆ, ಅದಕ್ಕೆ ಒದ್ದೆ ಗ್ರ್ಯಾನ್ಯುಲೇಷನ್, ಎಂದರೆ ಪುಡಿಯನ್ನು ಒದ್ದೆಮಾಡಿ ಸಣ್ಣ ಕಾಳುಗಳನ್ನಾಗಿಸುವುದು, ಬೇಕು. ಪಿವಿಪಿ ಎಂಬ ವಸ್ತು ಬೈಂಡರ್ ಆಗಿರಲಿ. ಪಿಷ್ಟವನ್ನು ಅರ್ಧ ಗ್ರ್ಯಾನ್ಯೂಲಿನ ಒಳಗೆ, ಅರ್ಧ ಹೊರಗೆ ಸೇರಿಸುವುದು ವಾಡಿಕೆ. ಹೇಗೆ ಸೇರಿಸಿದರೂ ಎಲ್ಲ ಬ್ಯಾಚುಗಳಲ್ಲೂ ಒಂದೇ ರೀತಿ ಇರಬೇಕು. ಪುಡಿ ಯಂತ್ರಕ್ಕೆ ಅಂಟದಂತೆ ಹಾಕುವ ಮೆಗ್ನೀಸಿಯಂ ಸ್ಟಿಯರೇಟನ್ನು ಬೆರೆಸುವ ಹೊತ್ತನ್ನು ಗಡಿಯಾರ ನೋಡಿ ಹಿಡಿಯಿರಿ, ಏಕೆಂದರೆ ಅದು ನೀರನ್ನು ದೂರವಿಡುವ ವಸ್ತು. ಎರಡು ನಿಮಿಷದ ಬದಲು ಹತ್ತು ನಿಮಿಷ ಬೆರೆಸಿದರೆ ಕಣಗಳ ಮೈಗೆಲ್ಲ ಹರಡಿ ಮಾತ್ರೆ ಕರಗುವುದನ್ನೇ ನಿಧಾನಗೊಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಗಡಸುತನ, ಎಂದರೆ ಮಾತ್ರೆಯನ್ನು ಮುರಿಯಲು ಬೇಕಾದ ಬಲ, ಕಿಲೋ ಲೆಕ್ಕದಲ್ಲಿ. ಪಿಷ್ಟವು ನೀರನ್ನು ಒಳಗೆಳೆದುಕೊಂಡು ಉಬ್ಬಿ ಮಾತ್ರೆಯನ್ನು ಒಡೆಯುತ್ತದೆ; ಮಾತ್ರೆ ಬಿಗಿಯಾದಷ್ಟೂ ನೀರು ಒಳಹೋಗುವ ದಾರಿ ಕಿರಿದಾಗುತ್ತದೆ. ರಾಗಿಯ ಮಾತ್ರೆ 4 ಕಿಲೋ, ಮೆಕ್ಕೆಜೋಳದ ಮಾತ್ರೆ 7 ಕಿಲೋ ಗಡಸುತನದಲ್ಲಿದ್ದರೆ ರಾಗಿ ಗೆದ್ದಿತು ಎಂಬ ಮಾತಿಗೆ ಅರ್ಥವಿಲ್ಲ. 5 ಕಿಲೋ ಎಂದು ನಿಶ್ಚಯಿಸಿಕೊಂಡು, ಅದರಿಂದ ಅರ್ಧ ಕಿಲೋ ಆಚೀಚೆ ಮೀರಿದ ಬ್ಯಾಚನ್ನು ಬದಿಗಿಟ್ಟು ಮತ್ತೆ ಒತ್ತಿ. ಬದಿಗಿಟ್ಟ ಬ್ಯಾಚಿನ ವಿವರವನ್ನೂ ಪುಸ್ತಕದಲ್ಲಿ ಉಳಿಸಿ.

ತೂಕದ ಏರಿಳಿತ, ಫ್ರಯಬಿಲಿಟಿ (ಮಾತ್ರೆಯ ಉದುರುವಿಕೆ), ಒಡೆಯುವ ಕಾಲ ಇವುಗಳ ಬಗ್ಗೆ ನಾನು ಹೇಳಬೇಕಾದದ್ದು ಏನೂ ಇಲ್ಲ, ಪ್ರಾಕ್ಟಿಕಲ್‌ನಲ್ಲಿ ಮಾಡಿದ್ದೀರಿ. ಡಿಸಲ್ಯೂಷನ್ ಬೇರೆ ಮಾತು. ಅಮೆರಿಕದ ಫಾರ್ಮಕೋಪಿಯಾ ಪ್ಯಾರಾಸಿಟಮಾಲ್ ಮಾತ್ರೆಗೆ ಹೇಳುವುದು ಪಿಎಚ್ 5.8ರ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದ ದ್ರಾವಣ) 900 ಮಿಲಿಲೀಟರ್, ಪ್ಯಾಡಲ್ (ಕಲಕುವ ಹುಟ್ಟು), ನಿಮಿಷಕ್ಕೆ 50 ಸುತ್ತು, 30 ನಿಮಿಷದಲ್ಲಿ ಶೇಕಡಾ 80 ಔಷಧ ಕರಗಬೇಕು. ನಿಮಗೆ 30ನೆಯ ನಿಮಿಷದ ಅಂಕಿ ಹೆಚ್ಚೇನೂ ಹೇಳದು, ಆ ಹೊತ್ತಿಗೆ ಒಳ್ಳೆಯದೂ ಸಾಧಾರಣವಾದದ್ದೂ ಎರಡೂ ಕರಗಿರುತ್ತವೆ. 5, 10, 15, 20, 30 ನಿಮಿಷಗಳಿಗೆ ಮಾದರಿ ತೆಗೆಯಿರಿ, ಮತ್ತು ನಿಮ್ಮ ತೀರ್ಮಾನ 10ನೆಯ ನಿಮಿಷದ ಅಂಕಿಯ ಮೇಲೆ ನಿಲ್ಲುತ್ತದೆ ಎಂದು ಪ್ರಯೋಗಕ್ಕೆ ಮೊದಲೇ ಬರೆದು ಗೈಡ್ ಅವರ ಸಹಿ ಹಾಕಿಸಿ. ಎಲ್ಲ ಮುಗಿದ ಮೇಲೆ ಐದು ಅಂಕಿಗಳಲ್ಲಿ ಚೆನ್ನಾಗಿ ಕಂಡದ್ದನ್ನು ಆರಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ.

ಇಂಡಿಯನ್ ಫಾರ್ಮಕೋಪಿಯಾ ಪ್ಯಾರಾಸಿಟಮಾಲನ್ನು 0.1 ಎಂ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ, 257 ನ್ಯಾನೋಮೀಟರಿನಲ್ಲಿ ಅಳೆಯುತ್ತದೆ. ಶೇಕಡಾ 1ರ ದ್ರಾವಣಕ್ಕೆ ಅಬ್ಸಾರ್ಬೆನ್ಸ್ (ಬೆಳಕನ್ನು ಹೀರುವ ಪ್ರಮಾಣ) 715 ಎಂದು ತೆಗೆದುಕೊಳ್ಳುತ್ತಾರೆ. ಈ ಒಂದು ಅಂಕಿಯಿಂದ ನಿಮ್ಮ ಇಡೀ ಅಳತೆಯನ್ನು ಮುಂಚೆಯೇ ಲೆಕ್ಕ ಹಾಕಬಹುದು. 500 ಮಿಲಿಗ್ರಾಂ ಪೂರ್ತಿ ಕರಗಿದರೆ 900 ಮಿಲಿಲೀಟರಿನಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 556 ಮೈಕ್ರೋಗ್ರಾಂ. ಅದನ್ನು ಐದು ಪಟ್ಟು ತೆಳುಮಾಡಿದರೂ ಅಬ್ಸಾರ್ಬೆನ್ಸ್ 8ರ ಹತ್ತಿರ ಬರಬೇಕು. ಯಾವ ಸಾಮಾನ್ಯ ಯುವಿಯೂ ಅಷ್ಟನ್ನು ಓದಲಾರದು. 1 ಮಿಲಿಲೀಟರನ್ನು 100ಕ್ಕೆ ಏರಿಸಿದರೆ 0.40 ಬರುತ್ತದೆ, ಇದು ಓದಲು ಯೋಗ್ಯ. ಆದರೆ ಆ 1 ಮಿಲಿಲೀಟರಿನಲ್ಲಿ 0.02 ತಪ್ಪಿದರೆ ಫಲಿತಾಂಶದಲ್ಲಿ ನೇರವಾಗಿ ಶೇಕಡಾ 2 ತಪ್ಪುತ್ತದೆ. ಆದ್ದರಿಂದ ಮಾತ್ರೆಯನ್ನು ಮುಟ್ಟುವ ಮುನ್ನ ಒಂದು ವಾರ ಬರೀ ಪಿಪೆಟ್ ಹಿಡಿಯಿರಿ: ಒಂದೇ ದ್ರಾವಣವನ್ನು ಹತ್ತು ಸಲ ತೆಳುಮಾಡಿ, ಹತ್ತು ಸಲ ಓದಿ, ಎಷ್ಟು ಚದುರುತ್ತದೆ ನೋಡಿ. ನಿಮ್ಮ ಕೈಯ ಚದುರಾಟ ಶೇಕಡಾ 4 ಇದ್ದರೆ, ಎರಡು ಪಿಷ್ಟಗಳ ನಡುವೆ ಶೇಕಡಾ 3 ವ್ಯತ್ಯಾಸ ಕಂಡೆ ಎಂದು ಬರೆಯಲು ನಿಮಗೆ ಅಧಿಕಾರವಿಲ್ಲ. ಪ್ರತಿ ಸಲ 5 ಮಿಲಿಲೀಟರ್ ತೆಗೆದು ಅಷ್ಟೇ ಬಫರನ್ನು 37 ಡಿಗ್ರಿಗೆ ಬಿಸಿಮಾಡಿ ಹಿಂತುಂಬಿ, ಹೊರಹೋದ ಔಷಧದ ಲೆಕ್ಕವನ್ನೂ ಸೇರಿಸಿ; ನಾಲ್ಕು ಸಲ ತೆಗೆದ ಹೊತ್ತಿಗೆ ಅದು ಶೇಕಡಾ 2ನ್ನು ದಾಟಿರುತ್ತದೆ.

ಈಗ ಪಾಲಿಫಿನಾಲಿನ ಮಾತಿಗೆ ಬರುತ್ತೇನೆ. ಪಿಷ್ಟದಲ್ಲಿ ಉಳಿದ ಪಾಲಿಫಿನಾಲ್‌ಗಳೂ ಇದೇ ಯುವಿ ಪಟ್ಟಿಯಲ್ಲಿ ಬೆಳಕನ್ನು ಹೀರುತ್ತವೆ, ಕ್ಷಾರದಲ್ಲಿ ಇನ್ನೂ ಹೆಚ್ಚು. ಹಾಗಾದಾಗ ರಾಗಿ ಮಾತ್ರೆಯಿಂದ ಔಷಧ ಬೇಗ ಬಿಡುಗಡೆಯಾದಂತೆ ಕಾಣುತ್ತದೆ. ಬಿಡುಗಡೆಯಾದದ್ದು ರಾಗಿಯ ಬಣ್ಣವಾಗಿರುತ್ತದೆ. ಇದನ್ನು ಹಿಡಿಯಲು ಪ್ಯಾರಾಸಿಟಮಾಲಿನ ಜಾಗದಲ್ಲಿ ಲ್ಯಾಕ್ಟೋಸ್ ಹಾಕಿದ ಖಾಲಿ ಮಾತ್ರೆಗಳನ್ನು ಒತ್ತಿ, ಅವನ್ನೂ ಅದೇ ಬಫರಿನಲ್ಲಿ ತಿರುಗಿಸಿ, ಅದೇ ರೀತಿ ತೆಳುಮಾಡಿ ಓದಬೇಕು. 0.40 ಬರಬೇಕಾದ ಕಡೆ ಖಾಲಿ ಮಾತ್ರೆ 0.008 ತೋರಿಸಿದರೂ ಅದು ಶೇಕಡಾ 2. ಬಿಳಿ ರಾಗಿಯನ್ನು ಚೆನ್ನಾಗಿ ತೊಳೆದಿದ್ದರೆ ಇದು ಲೆಕ್ಕಕ್ಕೆ ಬಾರದಷ್ಟು ಚಿಕ್ಕದಾಗಿರಬಹುದು. ಆದರೆ ನೋಡಿ ಚಿಕ್ಕದು ಎನ್ನುವುದಕ್ಕೂ ನೋಡದೆ ಬಿಡುವುದಕ್ಕೂ ಬಹಳ ಅಂತರವಿದೆ, ಮತ್ತು ವೈವಾದಲ್ಲಿ ಪರೀಕ್ಷಕರು ನಿಜವಾಗಿ ಓದಿದವರಾದರೆ ಕೇಳುವ ಮೊದಲ ಪ್ರಶ್ನೆ ಇದೇ.

ಸ್ವತಂತ್ರ ಎಂಬ ಮಾತನ್ನು ಒಂಟಿ ಎಂದು ತಿಳಿಯಬೇಡಿ. ತೀರ್ಮಾನಗಳು ನಿಮ್ಮವಾಗಿರಲಿ, ಪ್ರಯೋಗಾಲಯದಲ್ಲಿ ಮಾತ್ರ ಯಾವತ್ತೂ ಒಬ್ಬರೇ ಇರಬೇಡಿ, ರಜೆಯ ದಿನ ಬೀಗ ಪಡೆದು ಕೆಲಸ ಮಾಡಬೇಡಿ. ಗೈಡ್ ಮೇಡಂ ಅಥವಾ ಸರ್ ಅವರ ಬಳಿಗೆ, ಏನು ಮಾಡಲಿ ಎಂದು ಹೋಗುವ ಬದಲು ಒಂದು ಪುಟ ಬರೆದುಕೊಂಡು ಹೋಗಿ: ಪ್ರಶ್ನೆ, ಐದು ಬಗೆಗಳು, ಬೇಕಾದ ವಸ್ತುಗಳ ತೂಕ, ಯಾವ ಯಂತ್ರ ಎಷ್ಟು ದಿನ. ಯಂತ್ರದ ಸಮಯವನ್ನು ಲ್ಯಾಬಿನ ಅಣ್ಣನವರೊಂದಿಗೆ ಕೂತು ಗೊತ್ತುಮಾಡಿಕೊಳ್ಳಿ. ಮಾತ್ರೆ ಒತ್ತುವ ಯಾವ ಪಂಚ್ ಸವೆದಿದೆ, ನೀರಿನ ತೊಟ್ಟಿಯ ಯಾವ ಮೂಲೆ ಒಂದು ಡಿಗ್ರಿ ತಣ್ಣಗಿರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಅಧ್ಯಾಪಕರಾದ ನಮಗೂ ಗೊತ್ತಿರುವುದಿಲ್ಲ. ಪಿಷ್ಟದ ಬಗ್ಗೆ ಓದಬೇಕೆನಿಸಿದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹತ್ತಿರದಲ್ಲೇ ಇದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ರಾಗಿಯ ಸಂಸ್ಕರಣೆಯ ಕುರಿತು ದಶಕಗಳ ಕೆಲಸ ನಡೆದಿದೆ. ಪ್ರಾಚಾರ್ಯರ ಪತ್ರದೊಂದಿಗೆ ಗ್ರಂಥಾಲಯದ ಅನುಮತಿ ಕೇಳಿ ನೋಡಿ.

ನೋಟ್‌ಬುಕ್ ಹೊಲಿದ ಪುಸ್ತಕವಾಗಿರಲಿ, ಪುಟಸಂಖ್ಯೆ ಹಾಕಿದ್ದಿರಲಿ, ಬಿಡಿ ಹಾಳೆ ಬೇಡ. ತಪ್ಪಿದ ಅಂಕಿಯನ್ನು ಒಂದೇ ಗೆರೆಯಲ್ಲಿ ಹೊಡೆಯಿರಿ, ಕೆಳಗಿನ ಅಂಕಿ ಓದುವಂತಿರಬೇಕು. ನೀವು ಒತ್ತಿದ ಮಾತ್ರೆಗಳ ಬಾಟಲಿಗೆ ‘ಸೇವನೆಗಲ್ಲ’ ಎಂದು ಚೀಟಿ ಅಂಟಿಸಿ. ಜ್ವರ ಬಂದ ಗೆಳತಿಗೂ ಅದನ್ನು ಕೊಡಬಾರದು. ಅದರಲ್ಲಿ ಎಷ್ಟು ಔಷಧವಿದೆ, ಯಾವ ಸೂಕ್ಷ್ಮಜೀವಿ ಇದೆ ಎಂದು ಯಾರೂ ಪ್ರಮಾಣೀಕರಿಸಿಲ್ಲ.

ರಾಗಿ ಮೆಕ್ಕೆಜೋಳಕ್ಕಿಂತ ನಿಧಾನ ಎಂದು ಕೊನೆಗೆ ತಿಳಿದರೆ ಹಾಗೆಂದೇ ಬರೆಯಿರಿ. ಖಾಲಿ ಮಾತ್ರೆ, ಸಮಾನ ಗಡಸುತನ, ಚೀಟಿ ಎತ್ತಿದ ಸರದಿ ಇವು ಮೂರೂ ಇರುವ ವರದಿಯಲ್ಲಿ ಆ ಫಲಿತಾಂಶ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ, ಮುಂದಿನ ವರ್ಷದ ವಿದ್ಯಾರ್ಥಿ ಅಲ್ಲಿಂದ ಮುಂದಕ್ಕೆ ಹೋಗಬಹುದು.

ಸದ್ಯಕ್ಕೆ ನೀವು ಮಾಡಬೇಕಾದ ಕೆಲಸ ಮನೆಯಲ್ಲಿದೆ. ಮಳೆಯಾಶ್ರಿತ ರಾಗಿಯನ್ನು ಜೂನ್-ಜುಲೈನಲ್ಲಿ ಬಿತ್ತಿದರೆ ನವೆಂಬರಿನ ಹೊತ್ತಿಗೆ ಕಾಳು ಕೈಗೆ ಬರುತ್ತದೆ, ಅದು ನಿಮ್ಮ ಎಂಟನೆಯ ಸೆಮಿಸ್ಟರಿಗೆ ಸರಿಹೊಂದುತ್ತದೆ. ವಿ.ಸಿ. ಫಾರಂನಲ್ಲಿ ಬಿಳಿ ರಾಗಿಯ ಬೀಜ ವಿಚಾರಿಸಿ, ಹೊಲದ ಒಂದು ಮೂಲೆಯಲ್ಲಿ ಬೇರೆಯಾಗಿ ಬಿತ್ತಲು ನಿಮ್ಮ ತಂದೆಯವರನ್ನು ಕೇಳಿ. ಕಣದಲ್ಲಿ ಕೆಂಪು ರಾಗಿಯೊಂದಿಗೆ ಬೆರೆಯದಂತೆ ನೀವೇ ನಿಂತು ಒಕ್ಕಿಸಿ, ಐದು ಕಿಲೋ ಕಾಳನ್ನು ಯಾವ ಕೀಟನಾಶಕದ ಪುಡಿಯೂ ಸೋಕದಂತೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ತಳಿ, ಹೊಲದ ಸರ್ವೆ ನಂಬರು ಮತ್ತು ಕೊಯ್ಲಿನ ತಾರೀಖನ್ನು ಬರೆದು ಅಂಟಿಸಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಬೇಕಾದದ್ದೂ ಅದನ್ನೇ.